ಕಟ್ಟೆ ದಂಡೆಯ ಎಡೆ

ಹೆಬ್ಬಾತುಗಳನ್ನು ಕೂಗಿ ಕರೆಯುವುದರಲ್ಲಿ ಇಂದುಮತಿಯನ್ನು ಮೀರಿಸುವವರು ಡಾಲಸ್ ಸುತ್ತಮುತ್ತ ಯಾರೂ ಇರಲಿಲ್ಲ. ಗಂಡ ಸತ್ಯಪ್ರಕಾಶ ಪೀಪಿ ಊದಿ ಊದಿ ಕೆನ್ನೆ ನೋಯಿಸಿಕೊಂಡರೂ ತಿರುಗಿ ನೋಡದ ಹಿಂಡು, ಈಕೆ ಬರಿಬಾಯಲ್ಲಿ ನಾಲ್ಕು ಸಲ ಕೂಗಿದರೆ ಅರ್ಧ ಮೈಲಿ ದೂರದಿಂದ ತಿರುಗಿ ಬಂದು ಇಳಿಯುತ್ತಿತ್ತು. "ನನ್ನನ್ನೂ ಹಿಂಗೇ ಕೂಗಿ ಇಳಿಸ್ಕೊಂಡ್ಲು," ಎಂದು ಅವನು ಎಲ್ಲರ ಮುಂದೆ ಹೇಳಿ ನಗುತ್ತಿದ್ದ. ಆ ಮನುಷ್ಯ ಹೋದ ವರ್ಷ ಜುಲೈನಲ್ಲಿ ಇರ್ವಿಂಗ್ ಊರಿನ ತಮ್ಮ ಮನೆಯ ಗ್ಯಾರೇಜಿನಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ಅವರ ಬೇಟೆಯ ಹೊಲ ಒಂದೇ. ಡಾಲಸ್‌ನಿಂದ ಪೂರ್ವಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ವಾಲ್ಟರ್ ಎಂಬ ಮುದುಕನ ಮುಸುಕಿನ ಜೋಳದ ಹೊಲ, ಅದರ ತಗ್ಗಿನಲ್ಲಿ ದನ ನೀರು ಕುಡಿಯುವ ಕಟ್ಟೆ. ಸೆಪ್ಟೆಂಬರಿನಲ್ಲಿ ಎರಡು ವಾರ ಹೆಬ್ಬಾತಿನ ಮೊದಲ ಬೇಟೆ. ಕಾಗದ ಪತ್ರ ಏನೂ ಇಲ್ಲ. ಒಂದು ತಂಡಕ್ಕೆ ಕೈ ಕುಲುಕಿ ಮಾತು ಕೊಟ್ಟರೆ ವಾಲ್ಟರ್ ಇನ್ನೊಬ್ಬರಿಗೆ ಗೇಟು ತೆಗೆಯುವವನಲ್ಲ. ಹತ್ತು ವರ್ಷ ಆ ತಂಡದಲ್ಲಿ ಇದ್ದವರು ಮೂವರು: ಗಂಡ, ಹೆಂಡತಿ, ದುಷ್ಯಂತ್.

ದುಷ್ಯಂತ್ ಬೆಂಗಳೂರಿನವನು, ಸತ್ಯಪ್ರಕಾಶನಿಗಿಂತ ಹತ್ತು ವರ್ಷ ಚಿಕ್ಕವನು, ಒಂದೇ ಕಂಪನಿಯವನು. ಮನೆಯೊಳಗೆ ಬೆಳ್ಳುಳ್ಳಿಯೂ ಬಾರದಂಥ ವಂಶ. ಮಾಂಸ ತಿನ್ನಲು ಕಲಿತದ್ದೇ ಇಂದುಮತಿಯ ಅಡುಗೆಮನೆಯಲ್ಲಿ. ಸತ್ಯಪ್ರಕಾಶ ಹುಣಸೂರಿನ ಕಡೆಯವನಾದ್ದರಿಂದ ಮಹಾಲಯ ಅಮಾವಾಸ್ಯೆಗೆ ಆ ಮನೆಯಲ್ಲಿ ಹಿರಿಯರಿಗೆ ಎಡೆ: ಸತ್ತವರು ಏನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಎಲೆಗೆ ಬಡಿಸಿ, ಕಾಗೆಯ ಪಾಲನ್ನು ಹೊರಗಿಟ್ಟು, ಕಾಗೆ ಮುಟ್ಟಿದ ಮೇಲೆ ಮನೆಯವರ ಊಟ. ಅಮಾವಾಸ್ಯೆ ಬೇಟೆಯ ಕಾಲಕ್ಕೋ ಅದರ ಬೆನ್ನಿಗೋ ಬರುತ್ತಿದ್ದುದರಿಂದ ಎಲೆಯ ಮೇಲೆ ಹೆಬ್ಬಾತಿನ ಸಾರು ಇರಲೇಬೇಕು. ದುಷ್ಯಂತ್ ವರ್ಷವೂ ಬಂದು, ಕಾಗೆ ಬರುವುದನ್ನು ಎಲ್ಲರಿಗಿಂತ ಆತುರದಿಂದ ಕಾಯುತ್ತಿದ್ದ.

ಈ ಸಲ ವರ್ಷ ತುಂಬಿ ಸತ್ಯಪ್ರಕಾಶನೇ ಹಿರಿಯರ ಸಾಲಿಗೆ ಸೇರಿದ್ದ. ಅವನ ಮೊದಲ ಎಡೆಗೆ ಅವನ ಹೊಲದ ಹೆಬ್ಬಾತನ್ನೇ ತನ್ನ ಕೈಯಾರೆ ಹೊಡೆದು ತರಬೇಕು. ಇಂದುಮತಿಗೆ ಜಗತ್ತಿನಲ್ಲಿ ಬೇಕಾಗಿದ್ದುದು ಅದೊಂದೇ.

ಆಗಸ್ಟಿನಲ್ಲಿ ವಾಡಿಕೆಯಂತೆ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ಹಿಡಿದು ವಾಲ್ಟರನ ಗೇಟಿಗೆ ಹೋದಳು. ಬೀಗ ಬದಲಾಗಿತ್ತು. ಮುದುಕ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ.

"ನೀವು ಬಂದೂಕನ್ನೆಲ್ಲ ಕೊಟ್ಟುಬಿಟ್ಟಿರಿ, ಇನ್ನು ಬೇಟೆ ಬೇಡ ಅಂದಿರಿ ಅಂತ ದುಷ್ಯಂತ್ ಹೇಳಿದ. ಅವನಿಗೆ ಮಾತು ಕೊಟ್ಟುಬಿಟ್ಟೆನಲ್ಲಮ್ಮ."

ಉಂಡ ಮನೆಗೆ ಎರಡು ಬಗೆದಿದ್ದ ಪಾಪಿ! ಜಾಡಿಯನ್ನು ಗೇಟಿನ ಕಂಬದ ಮೇಲಿಟ್ಟು ಕಾರಿಗೆ ಬಂದಳು. ಅಲ್ಲಿಂದಲೇ ಅವನಿಗೆ ಫೋನ್ ಮಾಡಿದಳು.

"ಅತ್ತಿಗೆ, ನಾನು ನಿಮಗೆ ಹೇಳೋಣ ಅಂತಲೇ..."

"ಇನ್ನೊಂದ್ಸಲ ಅತ್ತಿಗೆ ಅನ್ಬೇಡ. ನನ್ನ ಹೊಸಿಲು ತುಳಿದ್ರೆ ಕಾಲು ಮುರೀತೀನಿ."

ಲಿಯಾಂಡರ್ ಊರಿನಲ್ಲಿದ್ದ ಮಗಳು ಶ್ರಾವಣಿ ವಿಷಯ ಕೇಳಿ, "ಲೆಟ್ ಇಟ್ ಗೋ, ಅಮ್ಮಾ," ಎಂದಳು. ಎಲ್ಲಿಂದ ಬಿಡುವುದು? ಒಲೆ ಮುಂದೆ ನಿಂತರೂ ಸ್ನಾನಕ್ಕೆ ಹೋದರೂ ಅದೇ ಯೋಚನೆ, ಅದೇ ಹೊಟ್ಟೆಯುರಿ. ಆ ಹೊಲ ಅವನ ಕೈ ತಪ್ಪಬೇಕು, ನಾಲ್ಕು ಜನರೆದುರು ತಲೆ ತಗ್ಗಿಸಿ ನಿಲ್ಲಬೇಕು. ಅಷ್ಟಾಗುವವರೆಗೆ ತನಗೆ ಅನ್ನ ಇಳಿಯುವುದಿಲ್ಲ ಎಂದುಕೊಂಡಳು.

ದಾರಿಯೂ ಗೊತ್ತಿತ್ತು. ಕೊಯ್ಲಿನಲ್ಲಿ ತಾನಾಗಿ ಉದುರಿದ ಕಾಳಿಗೆ ಬರುವ ಬಾತನ್ನು ಹೊಡೆಯಬಹುದು. ಆದರೆ ಮನುಷ್ಯ ಕೈಯಾರೆ ಕಾಳೋ ತಿನಿಸೋ ಚೆಲ್ಲಿದ ಕಡೆ ಬಂದೂಕು ಎತ್ತಿದರೆ ದೊಡ್ಡ ಅಪರಾಧ. ಚೆಲ್ಲಿದ್ದನ್ನು ಗುಡಿಸಿ ತೆಗೆದ ಮೇಲೂ ಹತ್ತು ದಿನ ಅಲ್ಲಿ ಬೇಟೆಯಿಲ್ಲ. ದುಷ್ಯಂತ್ ಸೋಮಾರಿ, ಕೂಗಲು ಬಾರದವನು. ತಾನಿಲ್ಲದೆ ಅವನಿಗೆ ಬಾತು ಇಳಿಯುವುದು ಅಷ್ಟರಲ್ಲೇ ಇದೆ, ಒಂದಲ್ಲ ಒಂದು ದಿನ ಕಾಳು ಚೆಲ್ಲಿಯೇ ಚೆಲ್ಲುತ್ತಾನೆ. ಬೇಟೆ ಶುರುವಾದ ದಿನದಿಂದ ಅವಳು ಹೊಲದಾಚೆಯ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು, ಗಂಡನ ದುರ್ಬೀನು ಹಿಡಿದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಎಂಟು ದಿನ ಏನೂ ಸಿಗಲಿಲ್ಲ. ಒಂಬತ್ತನೆಯ ದಿನ ಭಾನುವಾರ, ಅಮಾವಾಸ್ಯೆ. ಬೆಳಕು ಹರಿಯುತ್ತಿದ್ದಂತೆ ದುಷ್ಯಂತ್ ಒಂದು ಸ್ಟೀಲ್ ಬಕೆಟ್ ಹಿಡಿದು ಕಟ್ಟೆಯ ದಂಡೆಗೆ ಇಳಿದ. ಬಗ್ಗಿದ, ಏನನ್ನೋ ಇಟ್ಟ, ಆಮೇಲೆ ಸುತ್ತಲೂ ಹಿಡಿ ಹಿಡಿಯಾಗಿ ಎರಚಿದ.

"ಸಿಕ್ಕಿದೆಯಲ್ಲೋ ಮಗನೇ," ಎಂದಳು ಇಂದುಮತಿ. ಎಷ್ಟೋ ವಾರದ ಮೇಲೆ ಅವಳಿಗೆ ನಗು ಬಂದಿತ್ತು.

ಅವಳು ಫೋನ್ ಮಾಡಿದ ಮೇಲೆ, ಬೇಟೆಯ ಕಾನೂನು ಕಾಯುವ ಗೇಮ್ ವಾರ್ಡನ್ ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಹುಲ್ಲಿನ ಮರೆಯಿಂದ ಎರಡು ಗುಂಡು ಹಾರಿ ಒಂದು ಹೆಬ್ಬಾತು ಬಿದ್ದಿತ್ತು. ವಾರ್ಡನ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಾಲ್ಟರನನ್ನು ಎಬ್ಬಿಸಿ ಗೇಟು ತೆಗೆಸಿದಳು. ದುಷ್ಯಂತನ ಮುಖ ನೋಡಬೇಕಲ್ಲ, ಇಂದುಮತಿಯೂ ಹಿಂದೆಯೇ ನಡೆದಳು.

ದಂಡೆಯ ಮೇಲೆ ಬಾಳೆಲೆ ಹಾಸಿತ್ತು. ಅದರ ಮೇಲೆ ಅನ್ನ, ವಡೆ, ಮಟನ್ ಸಾರು, ಒಂದು ಲೋಟ ವಿಸ್ಕಿ, ಗಂಟು ಗಂಟಾದ ಒಂದು ರಾಗಿಮುದ್ದೆ. ಜನ್ಮದಲ್ಲಿ ಮುದ್ದೆ ತಿರುವದವನು ತಿರುವಿದ ಮುದ್ದೆ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಎಲೆಯ ತುದಿಗೆ ಸತ್ಯಪ್ರಕಾಶನ ಹಳೆಯ ಬೇಟೆಯ ಟೋಪಿ. ಸುತ್ತಲೂ ಎಳ್ಳು, ಅಕ್ಕಿ.

ಇಂದುಮತಿ ಅಲ್ಲೇ ನಿಂತುಬಿಟ್ಟಳು.

"ಇದೇನು?" ಎಂದಳು ವಾರ್ಡನ್.

"ನನ್ನ ಗೆಳೆಯನಿಗೆ ಊಟ," ಎಂದ ದುಷ್ಯಂತ್.

"ಎಲ್ಲಿ ನಿಮ್ಮ ಗೆಳೆಯ?"

"ತೀರಿಕೊಂಡ."

ವಾರ್ಡನ್ ಅವನನ್ನು ಒಂದು ಥರ ನೋಡಿದಳು. ಅವನು ಇಂದುಮತಿಯ ಕಡೆ ತಿರುಗಿದ. "ನಿಮ್ಮ ಮನೆಗೆ ಬರಬೇಡ ಅಂದ್ರಿ. ಸತ್ಯಣ್ಣಂಗೆ ಇನ್ನೆಲ್ಲಿ ಇಡಲಿ? ಎಡೆ ಅನ್ನೋದೊಂದೇ ತಲೇಲಿತ್ತು ಅತ್ತಿಗೆ, ಕಾನೂನು ನೆನಪಿಗೇ ಬರಲಿಲ್ಲ. ಹೊಲದ ವಿಷಯದಲ್ಲಿ ನಾನು ಮಾಡಿದ್ದು ತಪ್ಪೇ. ಆಸೆಗೆ ಬಿದ್ದು ಸುಳ್ಳು ಹೇಳ್ದೆ. ಆದ್ರೆ ಇದು ಏನು ಅಂತ ನೀವೇ ಇವ್ರಿಗೆ ಹೇಳಿ."

ವಾರ್ಡನ್ ಇಂದುಮತಿಯನ್ನು ಕೇಳಿದಳು: "ನೀವು ಹೇಳಿಯಮ್ಮ. ಇದನ್ನು ಇಟ್ಟಿರುವುದು ಹಕ್ಕಿಗಳು ಬಂದು ತಿನ್ನಲಿ ಅಂತಲೇ?"

ಸತ್ತವರಿಗೆ ಇಡುವುದು, ನಮ್ಮ ಕಡೆಯ ಪದ್ಧತಿ ಎಂದು ಎರಡು ಮಾತು ಸೇರಿಸಿದ್ದರೆ ವಾರ್ಡನ್ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದಳೋ ಏನೋ. ಆ ಎರಡು ಮಾತು ಇಂದುಮತಿಯ ಗಂಟಲಿನವರೆಗೆ ಬಂದವು. ಅವುಗಳ ಹಿಂದೆಯೇ ಬದಲಾದ ಬೀಗ ನೆನಪಾಯಿತು.

"ಹೌದು," ಎಂದಳು. "ಹಕ್ಕಿ ಬಂದು ತಿನ್ನಲಿ ಅಂತಲೇ ಇಡೋದು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದುಷ್ಯಂತ್ ತಲೆ ತಗ್ಗಿಸಿದ. ವಾರ್ಡನ್ ಫೋಟೊ ತೆಗೆದಳು, ಬಂದೂಕನ್ನೂ ಹೊಡೆದ ಬಾತನ್ನೂ ವಶಕ್ಕೆ ತೆಗೆದುಕೊಂಡಳು. ಹತ್ತು ದಿನ ಈ ಹೊಲದಲ್ಲಿ ಯಾರೂ ಬೇಟೆಯಾಡುವಂತಿಲ್ಲ ಎಂದಳು. ಬೇಟೆಯ ಕಾಲ ಮುಗಿಯಲು ಉಳಿದದ್ದೇ ಒಂದು ವಾರ. ಬೇಲಿಯ ಹತ್ತಿರ ನಿಂತಿದ್ದ ವಾಲ್ಟರ್, ಇನ್ನು ಈ ಗೇಟು ನಿಮ್ಮಲ್ಲಿ ಯಾರಿಗೂ ತೆಗೆಯುವುದಿಲ್ಲ ಎಂದ. ಬೇಕೆಂದದ್ದು ಬೇಕಾದಂತೆಯೇ ನಡೆದಿತ್ತು.

ವಾರ್ಡನ್ ಚೀಲ ತರಲು ಗಾಡಿಯ ಕಡೆ ಹೋದಾಗ ಕಾಗೆಯೊಂದು ಬೇಲಿಯಿಂದ ಇಳಿಯಿತು. ಯಾರಿಗೂ ಹೆದರದೆ ಎಲೆಯ ಮೇಲೆ ನಡೆದು, ಆ ಗಂಟು ಮುದ್ದೆಯನ್ನೇ ಕುಕ್ಕಿ ಒಂದು ಚೂರು ಕಚ್ಚಿಕೊಂಡು ಹಾರಿತು.

"ಸತ್ಯಣ್ಣ ಉಂಡ," ಎಂದ ದುಷ್ಯಂತ್. ಟೋಪಿಯನ್ನು ತೆಗೆದು ಅವಳ ಕೈಗೆ ಕೊಟ್ಟ. "ನಂಗಷ್ಟು ಸಾಕು ಅತ್ತಿಗೆ."

ಉಳಿದ ಎಡೆಯನ್ನು ವಾರ್ಡನ್ ಎಲೆ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದಳು.

ಮಧ್ಯಾಹ್ನ ಇಂದುಮತಿ ಅಂಗಡಿಯ ಕೋಳಿ ತಂದು ಸಾರು ಮಾಡಿದಳು. ಒಂದೂ ಗಂಟಿಲ್ಲದಂತೆ ಮುದ್ದೆ ತಿರುವಿದಳು. ಗಂಡನ ಫೋಟೊ ಮುಂದೆ ಟೋಪಿ ಇಟ್ಟು, ಎಲೆ ಬಡಿಸಿ, ಮೂರು ಗಂಟೆಗೆ ಕಾಗೆಯ ಪಾಲನ್ನು ಹಿತ್ತಲ ಬೇಲಿಯ ಮೇಲಿಟ್ಟಳು. ಪಕ್ಕದ ಮನೆಯ ಸೂರಿನ ಮೇಲೆ ಎರಡು ಕಾಗೆಗಳು ಕೂತಿದ್ದವು. ಒಮ್ಮೆ ಇತ್ತ ನೋಡಿ ಎದ್ದುಹೋದವು.

ಅವಳು ಕಾ ಕಾ ಎಂದು ಕೂಗಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಸಾರು ಆರಿ ಮೇಲೆ ಜಿಡ್ಡು ಕಟ್ಟಿತು. ಅರ್ಧ ಮೈಲಿ ದೂರದ ಹಿಂಡನ್ನು ನಾಲ್ಕೇ ಕೂಗಿಗೆ ಇಳಿಸುತ್ತಿದ್ದ ಇಂದುಮತಿ, ಬೇಲಿಯ ಪಕ್ಕ ನಿಂತು ಹೊತ್ತು ಮುಳುಗುವವರೆಗೂ ಕೂಗಿದಳು. ಒಂದು ಕಾಗೆಯೂ ಬರಲಿಲ್ಲ.