ಒಳಗೆ ಬಿಟ್ಟ ಬಟ್ಟೆ

ಒಂದು ಜಡೆ ಮುಗಿದಿತ್ತು. ಇನ್ನೊಂದರ ಮೂರು ಎಳೆಗಳನ್ನು ಬೆರಳ ಸಂದಿಯಲ್ಲಿ ಹಿಡಿದು, ರಿಬ್ಬನನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಗ ಬಾಗಿಲ ಗಂಟೆ ಬಾರಿಸಿತು.

“ಪಾರ್ಲರಮ್ಮ ಇರ್ಬೇಕು,” ಅಂದಳು ಮಗಳು, ತಲೆ ಅಲ್ಲಾಡಿಸದೆ.

ತಾಯಿ ರಿಬ್ಬನನ್ನು ಬಾಯಿಂದ ತೆಗೆದಳು. “ಎಂಟಕ್ಕೆ ಅಂದಿದ್ರು. ಇನ್ನೂ ಏಳೂವರೆ. ನೀನು ಎಳೆ ಹಿಡ್ಕೊಂಡಿರು, ಬಿಟ್ಟರೆ ಮತ್ತೆ ಮೊದಲಿಂದ ಬಾಚಬೇಕು.”

ಮಗಳು ಒಂದು ಕೈಯಲ್ಲಿ ಅರ್ಧ ಜಡೆಯನ್ನು ಹಿಡಿದುಕೊಂಡೇ ಎದ್ದಳು. ಅವಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಎಲ್ಲರೂ ಅವಳನ್ನು ಗುಂಡಿ ಅನ್ನುತ್ತಿದ್ದರು. ತೆವಳುವ ಕಾಲದಲ್ಲಿ ಹೊಲಿಗೆ ಡಬ್ಬಿಯ ಶರಟಿನ ಗುಂಡಿಗಳೇ ಅವಳ ಆಟದ ಸಾಮಾನು. ಗಂಡ ಆಗಾಗ ತಾಯಿ ಮಗಳನ್ನು ಒಟ್ಟಿಗೆ ಕರೆಯುತ್ತಿದ್ದುದು ‘ಕಾಜಾ, ಗುಂಡಿ’ ಅಂತಲೇ.

ಪರದೇಶಕ್ಕೆ ಬಂದು ಎರಡು ವರ್ಷವಾಗಿತ್ತು. ಬೀದಿಗೆ ತೆರೆದುಕೊಳ್ಳುವ ಆ ಮುಂದಿನ ಕೋಣೆ ಹೊಲಿಗೆ ಅಂಗಡಿಯಾಗಿ ಇನ್ನೂ ಮೂರು ತಿಂಗಳು. ಹಳೆಯ ಬಾಗಿಲೊಂದನ್ನು ಎರಡು ಟ್ರಂಕುಗಳ ಮೇಲೆ ಮಲಗಿಸಿದರೆ ಅದೇ ಕತ್ತರಿಸುವ ಮೇಜು. ಹಗ್ಗಕ್ಕೆ ಹೊದಿಕೆ ಇಳಿಬಿಟ್ಟರೆ ಅದೇ ಬಟ್ಟೆ ಹಾಕಿ ನೋಡುವ ಕೋಣೆ. ಮಿಷನ್ನು ಯಾರೋ ಬಳಸಿ ಬಿಟ್ಟದ್ದು. ಪೆಡಲ್ ಒತ್ತಿದರೆ ಮೊದಲು ಒಮ್ಮೆ ಕೆಮ್ಮಿ, ಆಮೇಲೆ ಓಡುತ್ತಿತ್ತು. ಕಿಟಕಿಯ ರಟ್ಟಿನ ಮೇಲೆ ಅಂಗಡಿಯ ವೇಳೆ ಬರೆದವಳು ಗುಂಡಿಯೇ: ಬೆಳಿಗ್ಗೆ ಎಂಟೂವರೆಯವರೆಗೆ, ಮತ್ತೆ ಸಂಜೆ ನಾಲ್ಕರ ಮೇಲೆ. ನಡುವಿನ ಹೊತ್ತಿನಲ್ಲಿ ಅವಳಿಗೆ ಶಾಲೆ. ಅವಳಿಲ್ಲದಿದ್ದರೆ ಅಂಗಡಿಗೆ ಬಾಯಿಯಿರಲಿಲ್ಲ. ಊರಿನ ಭಾಷೆ ಅವಳಿಗೆ ಆರೇ ತಿಂಗಳಿಗೆ ಒಲಿದಿತ್ತು. ತಾಯಿಗೆ ಒಲಿದದ್ದು ನೂಲು, ಸೂಜಿ, ಉದ್ದ, ಗಿಡ್ಡ, ತೆಳು, ದಪ್ಪ, ಇಷ್ಟೇ.

ಪಾರ್ಲರಮ್ಮ ಬೀದಿಯ ಮೂಲೆಯಲ್ಲಿ ಕೂದಲು ಕತ್ತರಿಸುವ ಪಾರ್ಲರ್ ನಡೆಸುತ್ತಿದ್ದವರು. ಕೆಲಸದವರಿಗೆಲ್ಲ ಒಂದೇ ಬಗೆಯ ತಿಳಿನೀಲಿ ಮೇಲಂಗಿ ಬೇಕಾಗಿತ್ತು, ಒಟ್ಟು ಹನ್ನೆರಡು. ಮೊದಲು ನನಗೊಂದು ಹೊಲಿ, ಒಪ್ಪಿಗೆಯಾದರೆ ಉಳಿದದ್ದೂ ನಿನಗೇ ಅಂದಿದ್ದರು. ಹನ್ನೆರಡು ಅಂಗಿ ಅಂದರೆ ಚಳಿ ಕಳೆಯುವವರೆಗೆ ಅಂಗಡಿ ಉಸಿರಾಡುತ್ತದೆ. ಇಲ್ಲವಾದರೆ ಹೋಟೆಲಿನ ಲಾಂಡ್ರಿ ಇದ್ದೇ ಇತ್ತು. ಮೊದಲ ವರ್ಷವೆಲ್ಲ ತಾಯಿ ಅಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದ್ದಳು. ಮರಳಿ ಬರುವುದಾದರೆ ಶುಕ್ರವಾರದೊಳಗೆ ಹೇಳಬೇಕು, ತಪ್ಪಿದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿಯ ಮೇಲ್ವಿಚಾರಕ ಹೇಳಿ ಕಳಿಸಿದ್ದ.

ಆ ದಿನ ಸೋಮವಾರ.

ಬಂದವರು ಪಾರ್ಲರಮ್ಮನೇ. ಮೇಲಂಗಿ ಅವರಿಗೆ ಅಚ್ಚಿನಲ್ಲಿ ಹೊಯ್ದಂತೆ ಕೂತಿತು. ಅವರು ಕನ್ನಡಿಯ ಮುಂದೆ ಒಂದು ಸುತ್ತು ಹಾಕಿದರು, ಜೇಬಿಗೆ ಕೈ ಇಳಿಸಿ ನೋಡಿದರು, ನಕ್ಕರು. ತಾಯಿಯ ಎದೆಯ ಭಾರ ಅರ್ಧ ಇಳಿಯಿತು. ಅಂಗಿ ಬಿಚ್ಚಿ ಒಳಮಗ್ಗುಲು ತಿರುಗಿಸಿದವರು ಅಲ್ಲೇ ನಿಂತರು. ಎರಡೂ ಪಕ್ಕೆಗಳಲ್ಲಿ ಎರಡೆರಡು ಬೆರಳಗಲ ಬಟ್ಟೆ ಉಳಿದಿತ್ತು. ಅದರ ಉದ್ದಕ್ಕೂ ಒಂದರ ಪಕ್ಕ ಒಂದು ಮೂರು ಸಾಲು ಹೊಲಿಗೆ. ಇಷ್ಟು ಬಟ್ಟೆ ಒಳಗೆ ಯಾಕೆ ಎಂದು ಅವರು ಗುಂಡಿಯನ್ನು ಕೇಳಿದರು.

“ಯಾಕಮ್ಮ ಅಂತೆ?”

ತಾಯಿ ಹಿಗ್ಗಿನಿಂದ ಹೇಳಿದಳು: “ಮುಂದೆ ಅವರು ಮೈಕೈ ತುಂಬಿಕೊಂಡ್ರೆ ಒಂದೊಂದೇ ಹೊಲಿಗೆ ಬಿಚ್ಕೋಬಹುದು ಅಂತ ಹೇಳು.”

ಗುಂಡಿ ಅರ್ಧ ಜಡೆಯನ್ನು ಹಿಡಿದೇ ಒಂದು ಗಳಿಗೆ ಯೋಚಿಸಿದಳು. ಮೈಕೈ ತುಂಬಿಕೊಳ್ಳುವುದಕ್ಕೆ ಆ ಭಾಷೆಯಲ್ಲಿ ಏನನ್ನುತ್ತಾರೋ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ತನಗೆ ಗೊತ್ತಿದ್ದ ಮಾತಿನಲ್ಲಿ ಹೇಳಿಬಿಟ್ಟಳು. ಆ ಮಾತಿನ ನಡುವೆ ತಾಯಿಗೂ ಗೊತ್ತಿದ್ದ ಒಂದು ಪದವಿತ್ತು. ದಪ್ಪ ನೂಲು, ದಪ್ಪ ಬಟ್ಟೆ ಎಂದು ಅಂಗಡಿಗಳಲ್ಲಿ ಕೇಳಿ ಕೇಳಿ ಕಲಿತ ಪದ.

ಪಾರ್ಲರಮ್ಮನ ಮುಖದ ನಗು ದೀಪ ಆರಿಸಿದಂತೆ ಆರಿತು. ಅಂಗಿಯನ್ನು ಮಡಿಸದೆ ಚೀಲಕ್ಕೆ ತುರುಕಿಕೊಂಡರು. ಕೂಲಿಯನ್ನು ಮೇಜಿನ ಮೇಲಿಟ್ಟು ಹೊರಟರು. ಉಳಿದ ಹನ್ನೊಂದರ ಸುದ್ದಿ ಅವರೂ ಎತ್ತಲಿಲ್ಲ, ಇವರೂ ಕೇಳಲಿಲ್ಲ.

“ಬಾ, ಜಡೆ ಮುಗಿಸೋಣ,” ಅಂದಳು ತಾಯಿ. ಗುಂಡಿಯ ಕೈಯಿಂದ ಎಳೆಗಳು ಯಾವಾಗಲೋ ಜಾರಿ ಬಿಚ್ಚಿಹೋಗಿದ್ದವು. ಮತ್ತೆ ಮೊದಲಿಂದ ಬಾಚಿದಳು.

ಆ ಹಗಲೆಲ್ಲ ತಾಯಿ ಸುಮ್ಮನೆ ಮಿಷನ್ನಿನ ಮುಂದೆ ಕೂತಿದ್ದಳು. ಕೈಯಲ್ಲಿ ಕೆಲಸವಿಲ್ಲದಾಗ ಮನಸ್ಸು ಸೋದರತ್ತೆಯ ಮನೆಗೆ ಹೋಗುತ್ತದೆ. ಆ ದಿನವೂ ಹೋಯಿತು. ಅತ್ತೆಯ ಹೊಲಿಗೆ ಕೋಣೆಯಲ್ಲಿ ಒಂದು ಬೆಂಚು, ಒಂದು ಮಿಷನ್ನು, ಸುಣ್ಣ ಕಾಣದ ಒಂದು ಗೋಡೆ. ಆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹೆಂಗಸರ ಅಳತೆಗಳು. ಮೇಜಿನ ಕೆಳಗೆ ಚೂರುಬಟ್ಟೆಯ ಗುಡ್ಡೆ, ಆ ಗುಡ್ಡೆಯ ಮೇಲೆ ಆಗಿನ್ನೂ ಚಿಕ್ಕವಳಾಗಿದ್ದ ಇವಳು. ಬೆಂಚಿನ ಮೇಲೆ ಕೂತ ಹೆಂಗಸರ ಕಾಲುಗಳಷ್ಟೇ ಕಾಣುತ್ತಿದ್ದವು. ಮಾತೆಲ್ಲ ಮೇಲಿಂದ ಉದುರುತ್ತಿತ್ತು. ಬಾಣಂತನ ಮುಗಿಸಿ ಬಂದವಳಿಗೆ ಒಂದು ಹೊಲಿಗೆ ಬಿಚ್ಚುವುದು. ಜ್ವರದಿಂದ ಎದ್ದು ಬಂದವಳಿಗೆ ಒಂದು ಹೊಲಿಗೆ ಹಾಕುವುದು. ಅತ್ತೆ ರವಿಕೆಯ ಒಳಮಗ್ಗುಲು ತಿರುಗಿಸಿ ನೋಡಿದರೆ ಸಾಕು, “ಏನೇ, ಗಂಡನ ಮನೇಲಿ ಅನ್ನ ಸರಿಯಾಗಿ ಹಾಕಲ್ವಾ?” ಎಂದು ಕೇಳಿಬಿಡುತ್ತಿದ್ದರು. ಕೇಳಿಸಿಕೊಂಡವಳು ಕೆಲವೊಮ್ಮೆ ನಗುತ್ತಿದ್ದಳು. ಕೆಲವೊಮ್ಮೆ ಅಲ್ಲೇ ಅತ್ತುಬಿಡುತ್ತಿದ್ದಳು.

“ಹೆಂಗಸಿನ ಮೈ ಒಂದೇ ತರ ಇರಲ್ಲ ಕಣೆ,” ಅನ್ನುತ್ತಿದ್ದರು ಅತ್ತೆ. “ಒಳಗೆ ಬಟ್ಟೆ ಬಿಡದೆ ಹೊಲಿದುಕೊಟ್ಟರೆ, ನೀನು ಇನ್ಮೇಲೆ ಹೀಗೇ ಇರು ಅಂದ ಹಾಗೆ.”

ಅಲ್ಲಿ ಮೈಕೈ ತುಂಬಿಕೊಂಡಿದ್ದೀಯ ಅಂದರೆ ಕೇಳಿದವಳು ಸೆರಗು ಸರಿಮಾಡಿಕೊಂಡು ನಾಚುತ್ತಿದ್ದಳು. ಆ ಮಾತನ್ನು ಎರಡು ಟ್ರಂಕುಗಳ ಜೊತೆ ಇಲ್ಲಿಗೂ ಹೊತ್ತು ತಂದದ್ದು ತಾನು. ಮಗು ಪಾಪ, ಕೊಟ್ಟದ್ದನ್ನು ದಾಟಿಸಿತು, ಅಷ್ಟೇ.

ಸಂಜೆ ಗಂಡ ಸರಕಿನ ವ್ಯಾನು ನಿಲ್ಲಿಸಿ ಬಂದವನು ನಡೆದದ್ದನ್ನು ಕೇಳಿ ಮೊದಲು ನಕ್ಕ. ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡ.

“ನನಗಂತೂ ಮದುವೆಯಾದಾಗಿಂದ ದಪ್ಪ ದಪ್ಪ ಅಂತಿದೀಯ. ನಾನೇನು ಮನೆ ಬಿಟ್ಟು ಹೋದ್ನಾ?”

“ನೀವು ಹನ್ನೆರಡು ಅಂಗಿ ಹೊಲಿಸೋರಾಗಿದ್ರೆ ನಿಮಗೂ ಸಣ್ಣಗಿದ್ದೀರಿ ಅಂತಿದ್ದೆ, ಬಿಡಿ.”

“ಲಾಂಡ್ರಿಯವನಿಗೆ ಏನು ಹೇಳ್ಲಿ?”

“ಶುಕ್ರವಾರದ ತನಕ ಇರಲಿ, ರೀ.”

ಒಳಕೋಣೆಯಲ್ಲಿ ಗುಂಡಿ ಪುಸ್ತಕ ಹಿಡಿದು ಕೂತಿದ್ದಳು. ಬಹಳ ಹೊತ್ತಿನಿಂದ ಪುಟ ತಿರುಗಿದ ಸದ್ದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ತಾಯಿ ಎದ್ದು ಬರುವಷ್ಟರಲ್ಲಿ ಗುಂಡಿ ಅಯಸ್ಕಾಂತ ಹಿಡಿದು ನೆಲದ ಮೇಲಿನ ಗುಂಡುಸೂಜಿಗಳನ್ನೆಲ್ಲ ಆರಿಸಿಟ್ಟಿದ್ದಳು. ಬುಧವಾರ ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿ ದಿನಕ್ಕೊಮ್ಮೆಯಾದರೂ ಬೈಸಿಕೊಳ್ಳುತ್ತಿದ್ದ ಹುಡುಗಿ ಆ ವಾರ ಕತ್ತರಿಯ ಹತ್ತಿರವೇ ಸುಳಿಯಲಿಲ್ಲ. ಜಡೆ ಹಾಕುವಾಗ “ಅಮ್ಮಾ” ಅನ್ನುವಳು. “ಏನು ಗುಂಡಿ?” ಅಂದರೆ “ಏನಿಲ್ಲ” ಅನ್ನುವಳು. ಒಳಗೆ ಏನೋ ಸಿಕ್ಕಾಗಿದೆ ಎಂದು ತಾಯಿಗೆ ತಿಳಿಯುತ್ತಿತ್ತು. ಸಿಕ್ಕಾದ ನೂಲನ್ನು ಎಳೆದರೆ ಗಂಟು ಬಿಗಿಯುತ್ತದೆ ಎಂದು ಸುಮ್ಮನಿದ್ದಳು. ಆ ಪದದಿಂದಲೇ ಪಾರ್ಲರಮ್ಮ ಮುನಿದರೆಂದು ಮಗಳಿಗೆ ತಿಳಿಯದೆ ಹೋಗಿದ್ದರೆ, ಹೇಳಿ ಯಾಕೆ ನೋಯಿಸಬೇಕು?

ಗುರುವಾರ ಮಧ್ಯಾಹ್ನ ತಾಯಿ ಮೇಜಾಗಿದ್ದ ಬಾಗಿಲನ್ನು ಸರಿಸಿ, ಅದರಡಿಯ ಟ್ರಂಕೊಂದನ್ನು ತೆರೆದು ತನ್ನ ಮದುವೆಯ ರವಿಕೆಯನ್ನು ಹೊರತೆಗೆದಳು. ಅತ್ತೆ ಹೊಲಿದದ್ದು. ಒಳಮಗ್ಗುಲು ತಿರುಗಿಸಿ ತೊಡೆಯ ಮೇಲೆ ಹರಡಿದಳು. ಬಿಚ್ಚಿದ ಹೊಲಿಗೆಗಳ ಗುರುತುಗಳು ಇರುವೆಸಾಲಿನಂತೆ ಉಳಿದಿದ್ದವು. ನಾಲ್ಕು ಗಂಟೆಗೆ ಗುಂಡಿ ಬಂದು ಚೀಲ ಇಡುತ್ತಿದ್ದಂತೆ ಅಂದಳು:

“ಚಪ್ಪಲಿ ಬಿಚ್ಚಬೇಡ. ಪಾರ್ಲರಮ್ಮನ ಹತ್ರ ಹೋಗಿಬರೋಣ.”

ಗುಂಡಿಯ ಮುಖ ಬಿಳುಪೇರಿತು. “ನಾನು ಬರಲ್ಲ.”

“ನೀನು ಮಾತಾಡ್ಬೇಡ. ನನ್ನ ಜೊತೆ ನಿಂತ್ಕೋ, ಸಾಕು. ಒಬ್ಬಳೇ ಹೋಗೋಕೆ ನಂಗೆ ಹೆದರಿಕೆ.”

ಅಮ್ಮನಿಗೂ ಹೆದರಿಕೆಯಿದೆ ಎಂದು ಕೇಳಿ ಗುಂಡಿ ಕೈ ಹಿಡಿದುಕೊಂಡಳು.

ಪಾರ್ಲರಿನಲ್ಲಿ ಹೆಚ್ಚು ಜನರಿರಲಿಲ್ಲ. ಪಾರ್ಲರಮ್ಮ ಬಾಚಣಿಗೆಗಳನ್ನು ತೊಳೆಯುತ್ತಿದ್ದರು. ಇವರನ್ನು ನೋಡಿ ಕೈ ಒರೆಸಿಕೊಂಡರು, ಕೂರಿ ಅನ್ನಲಿಲ್ಲ. ತಾಯಿ ರವಿಕೆಯನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ ಬಿಡಿಸಿಟ್ಟಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮುರುಕು ಮಾತುಗಳನ್ನು ಒಂದೊಂದಾಗಿ ಆಡಿದಳು. ತನ್ನನ್ನು ತೋರಿಸಿಕೊಂಡು, ನನ್ನದು. ಮೊದಲ ಗುರುತಿನ ಮೇಲೆ ಬೆರಳಿಟ್ಟು, ಮದುವೆ. ಎರಡನೆಯದರ ಮೇಲೆ ಬೆರಳಿಟ್ಟು, ತನ್ನ ಹೊಟ್ಟೆ ಮುಟ್ಟಿಕೊಂಡು ಗುಂಡಿಯ ಕಡೆ ತಿರುಗಿ, ಇವಳು. ಮೂರನೆಯದು ಬಿಚ್ಚಿದ ಗುರುತಲ್ಲ. ಬೇರೆ ಬಣ್ಣದ ನೂಲಿನಲ್ಲಿ, ಒಳಕ್ಕೆ ಸರಿಸಿ ಹಾಕಿದ ಹೊಲಿಗೆ. ಈ ಊರಲ್ಲಿ ನೂಲಿನ ಅಂಗಡಿ ಎಲ್ಲಿದೆಯೆಂದು ಗೊತ್ತಿಲ್ಲದ ದಿನಗಳಲ್ಲಿ ಕೈಗೆ ಸಿಕ್ಕಿದ ನೂಲು ಅದು.

“ಇಲ್ಲಿಗೆ ಬಂದ ವರ್ಷ,” ಅಂದಳು ಅವರ ಭಾಷೆಯಲ್ಲಿ. ಕೆನ್ನೆಯನ್ನು ಎರಡು ಬೆರಳಲ್ಲಿ ಒಳಗೆ ಒತ್ತಿ ತೋರಿಸಿದಳು.

ಪಾರ್ಲರಮ್ಮ ಆ ಕೊನೆಯ ಸಾಲಿನ ಮೇಲೆ ಉಗುರಿನಿಂದ ಮೆಲ್ಲಗೆ ಸವರಿದರು. ಆಮೇಲೆ ಒಳಗೆ ಹೋದರು. ಮುಗಿಯಿತು, ಇನ್ನು ಇಸ್ತ್ರಿಪೆಟ್ಟಿಗೆಯೇ ಗತಿ ಅಂದುಕೊಂಡು ತಾಯಿ ರವಿಕೆ ಮಡಿಸತೊಡಗಿದಳು. ಅಷ್ಟರಲ್ಲಿ ಅವರು ತಿಳಿನೀಲಿ ಮೇಲಂಗಿ ಹಿಡಿದು ಬಂದರು. ಒಳಮಗ್ಗುಲು ತಿರುಗಿಸಿ ತೋರಿಸಿದರು. ಎರಡೂ ಪಕ್ಕೆಗಳಲ್ಲಿ ಒಂದೊಂದು ಸಾಲು ಹೊಲಿಗೆ ಬಿಚ್ಚಿತ್ತು. ಬಿಚ್ಚಿದ ಅವಸರಕ್ಕೆ ಬಟ್ಟೆಗೂ ಎರಡು ಕಡೆ ಕಚ್ಚು ಬಿದ್ದಿತ್ತು.

ಅವರು ತಗ್ಗಿದ ದನಿಯಲ್ಲಿ ಗುಂಡಿಗೆ ಏನೋ ಹೇಳಿದರು. ಗುಂಡಿ ಅಮ್ಮನ ಮುಖ ನೋಡಿದಳು.

“ಹೇಳು, ಪರವಾಗಿಲ್ಲ,” ಅಂದಳು ತಾಯಿ.

“ಕೈ ಎತ್ತಿ ಕೂದಲು ಕತ್ತರಿಸುವಾಗ ಬಿಗಿಯಾಗ್ತಿತ್ತಂತೆ. ಅದಕ್ಕೆ ಹುಬ್ಬಿನ ಕತ್ತರೀಲಿ ಅವರೇ ಬಿಚ್ಚಿದ್ರಂತೆ.” ಇನ್ನೂ ಸಣ್ಣ ದನಿಯಲ್ಲಿ, “ಇಲ್ಲಿ ಯಾರಿಗೂ ಹೇಳ್ಬಾರ್ದಂತೆ.”

ತಾಯಿ ನಗಬಾರದೆಂದು ತುಟಿ ಕಚ್ಚಿದಳು. ಮೊದಲು ನಕ್ಕವರು ಪಾರ್ಲರಮ್ಮನೇ. ನಗುತ್ತ ಸೊಂಟದ ಮೇಲೆ ಕೈಯಿಟ್ಟುಕೊಂಡು ಮತ್ತೇನೋ ಹೇಳಿದರು. ಈ ಸಲ ಗುಂಡಿ ತಡೆಯದೆ ಹೇಳಿದಳು:

“ಸದ್ಯಕ್ಕೆ ಆರು ಹೊಲೀಬೇಕಂತೆ. ಉಳಿದದ್ದು ಆಮೇಲೆ ನೋಡ್ತಾರಂತೆ. ಎಲ್ಲದಕ್ಕೂ ಒಳಗೆ ಬಟ್ಟೆ ಬಿಡ್ಬೇಕಂತೆ. ಆದ್ರೆ ಯಾಕೆ ಅಂತ ನಾವು ಯಾರಿಗೂ ಹೇಳೋದು ಬೇಡ್ವಂತೆ.”

ಶುಕ್ರವಾರ ಬೆಳಿಗ್ಗೆ ಗಂಡ ಬೂಟಿನ ದಾರ ಕಟ್ಟಿಕೊಳ್ಳುತ್ತ ಕೇಳಿದ: “ಹಾಗಾದ್ರೆ ಲಾಂಡ್ರಿಯವನಿಗೆ?”

“ನಂಗೆ ಕೈ ಬಿಡುವಿಲ್ಲ ಅಂತ ಹೇಳಿಬಿಡಿ, ರೀ.”

“ಕಾಜಾ ದೊಡ್ಡ ಮನುಷ್ಯಳಾಗ್ಬಿಟ್ಲು, ಗುಂಡಿ,” ಎಂದು ಅವನು ಬಾಗಿಲು ಎಳೆದುಕೊಂಡು ಹೋದ.

ಗುಂಡಿ ನಗಲಿಲ್ಲ. ತಾಯಿಯ ಮೊಣಕಾಲಿನ ನಡುವೆ ಕೂತು ಕಿಟಕಿಯ ರಟ್ಟನ್ನು ನೋಡುತ್ತಿದ್ದಳು. ಒಂದು ಜಡೆ ಮುಗಿಯಿತು. ಎರಡನೆಯದಕ್ಕೆ ಕೂದಲನ್ನು ಮೂರು ಎಳೆ ಮಾಡುವಾಗ ಆ ಪುಟ್ಟ ಬೆನ್ನು ಬಿಗಿಯಾದದ್ದು ತಾಯಿಯ ಮೊಣಕಾಲಿಗೆ ತಿಳಿಯಿತು. ಗಂಟೆ ಬಾರಿಸಿದರೂ ಇವತ್ತು ಏಳುವುದಿಲ್ಲ ಅಂದುಕೊಂಡು ಅವಳು ಎಳೆಗಳನ್ನು ಹಗುರವಾಗಿ ಹಿಡಿದು ಕಾದಳು.

“ಅಮ್ಮಾ.”

“ಹ್ಞೂಂ.”

“ಅವತ್ತು ತಪ್ಪು ಹೇಳಿದ್ದು ನಾನಾ, ನೀನಾ?”