ಯಾರಿಗೆ ಯಾರು ಏನಾಗಬೇಕು

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸುವುದಕ್ಕೆ ಇಬ್ಬರು ಬೇಕು. ಒಬ್ಬಳು ಈ ತುದಿ, ಇನ್ನೊಬ್ಬಳು ಆ ತುದಿ. ಎಳೆದು ಬಿಗಿ ಮಾಡಿ, ಒಮ್ಮೆ ಒದರಿ, ಎದುರುಬದುರಾಗಿ ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಹತ್ತಿರ ಬಂದಾಗ ಒಂದು ಮಾತು, ದೂರ ಸರಿದು ಮತ್ತೆ ಬಂದಾಗ ಅದಕ್ಕೆ ಉತ್ತರ. ಜೊತೆಯವಳ ಹತ್ತಿರ ಮಾತು ಕೂಡದಿದ್ದರೆ ಕೈಯೂ ಕೂಡುವುದಿಲ್ಲ. ಅಂಚು ಸೊಟ್ಟಗಾಗುತ್ತದೆ, ಮೇಲಿನ ವಾರ್ಡಿನಿಂದ ಬೈಗುಳ ಇಳಿದು ಬರುತ್ತದೆ. ಹಾಗಾಗಿ ಅಲ್ಲಿ ತಾನಾಗಿಯೇ ಒಂದು ಪದ್ಧತಿ ಬೆಳೆದಿತ್ತು. ಒಂದೇ ಧಾರಾವಾಹಿ ನೋಡುವವರು ಒಂದೇ ಜೋಡಿ. ಮೇಲ್ವಿಚಾರಕನೂ ಅದನ್ನು ಒಪ್ಪಿಕೊಂಡು ಸುಮ್ಮನಿದ್ದ.

ಯಾರ ಜೊತೆಗೂ ಕೂಡದವಳಿಗೆ ಹಿಂದಿನ ಕೋಣೆ. ಬಟ್ಟೆ ಒಣಗಿಸುವ ಯಂತ್ರಗಳ ಗದ್ದಲದಲ್ಲಿ ಒಬ್ಬಳೇ ಕೂತು ದಿಂಬಿನ ಕವರು, ಮಕ್ಕಳ ವಾರ್ಡಿನ ಅಂಗಿ ಮಡಿಸಬೇಕು. ಹೊಸಬಳು ಕೆಲಸಕ್ಕೆ ಸೇರಿದಾಗ ಮೊದಲು ಕೂತದ್ದು ಅಲ್ಲೇ. ಮನೆಯಲ್ಲೂ ಮಾತಿಲ್ಲ, ಇಲ್ಲೂ ಮಾತಿಲ್ಲ. ತನ್ನ ದನಿಯೇ ತನಗೆ ಮರೆತುಹೋದೀತು ಎಂದು ಅವಳಿಗೆ ಭಯವಾಗತೊಡಗಿತ್ತು.

ಮನೆಯಲ್ಲಿ ಮಾತಿಲ್ಲ ಎಂದರೆ ಜಗಳವೇನಲ್ಲ. ಗಂಡನಿಗೆ ಬೇಕರಿಯ ಒಲೆಯ ಮುಂದೆ ಕೆಲಸ. ಊರು ಮಲಗುವ ಹೊತ್ತಿಗೆ ಹೊರಡುವವನು, ಸಂಜೆಯೆಲ್ಲ ಮಲಗಿರುತ್ತಿದ್ದ. ಇರುವುದು ಒಂದೇ ಕೋಣೆ. ಟಿವಿಯ ಬೆಳಕು ಅವನಿಗೆ ಅಡ್ಡಿಯಿಲ್ಲ, ಗೋಡೆಗೆ ಮುಖ ಮಾಡಿಕೊಳ್ಳುತ್ತಾನೆ. ಸದ್ದು ಮಾತ್ರ ಆಗಬಾರದು. ಅವಳು ದನಿ ಪೂರ್ತಿ ಇಳಿಸಿ, ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ಧಾರಾವಾಹಿ, ಮ್ಯಾಚು, ಭಾನುವಾರದ ಸಿನಿಮಾ ಎಲ್ಲವನ್ನೂ ಸದ್ದಿಲ್ಲದೆ ನೋಡುತ್ತಿದ್ದಳು.

ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಿರಿಯಳು ದೊಡ್ಡಕ್ಕ. ಅವಳ ಜೋಡಿ ಕೆಲಸ ಬಿಟ್ಟು ಹೋದಾಗ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಎಂಟು ಗಂಟೆಯದ್ದು ನೋಡ್ತೀಯೇನೇ?"

"ನೋಡ್ತೀನಿ, ದೊಡ್ಡಕ್ಕ."

"ಆ ಹಿರಿ ಸೊಸೆ ಬಗ್ಗೆ ಏನಂತೀಯ?"

"ಅವಳು ಅಳೋದು ಸುಳ್ಳು. ಮುಖದಲ್ಲಿ ಅಳ್ತಾಳೆ, ಕಾಲ್ಬೆರಳು ಆಡಿಸ್ತಾ ಇರ್ತಾಳೆ."

ದೊಡ್ಡಕ್ಕ ತಿರುಗಿ ತನ್ನ ಮೇಜಿಗೆ ಹೋದಳು. ಮರುದಿನ ಬೆಳಿಗ್ಗೆ ಬಂದವಳೇ, "ಆಡಿಸ್ತಾಳೆ ಕಣೇ. ಬಾ, ಶೀಟು ಹಿಡಿ" ಎಂದಳು.

ಅಲ್ಲಿಂದ ಹೊಸಬಳ ಮಾತಿಗೆ ಬೆಲೆ ಬಂತು. ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುವವಳಿಗೆ ಆಟದ ಹುಚ್ಚು. ಅವಳನ್ನು ಎಲ್ಲರೂ ಕಾಮೆಂಟರಿ ಎಂದೇ ಕರೆಯುತ್ತಿದ್ದರು. ಫುಟ್‌ಬಾಲ್ ಫೈನಲಿನ ಮರುದಿನ ಅವಳು ಬೇಕೆಂದೇ ಕೆಣಕಿದಳು.

"ಏನಮ್ಮಾ ಪಂಡಿತೆ, ನಮ್ಮ ಗೋಲ್‌ಕೀಪರ್ ಯಾಕೆ ಹಂಗಾಡಿದ?"

"ಅವನಿಗೆ ಚೆಂಡಿನ ಹೆದರಿಕೆ ಇಲ್ಲ. ತನ್ನ ಕ್ಯಾಪ್ಟನ್ ಕಂಡ್ರೆ ಹೆದರಿಕೆ. ಚೆಂಡು ಹಿಡಿದ ತಕ್ಷಣ ಅವನ ಮುಖ ನೋಡ್ತಾನೆ."

"ಅಷ್ಟು ಜನ ಕೋಟು ಹಾಕ್ಕೊಂಡು ಕೂತು ಮಾತಾಡಿದ್ರು, ಒಬ್ಬನೂ ಇದು ಹೇಳಲಿಲ್ಲವಲ್ಲ."

"ಹೇಳಲಿಲ್ವಾ?" ಎಂದಳು ಹೊಸಬಳು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಸಿನಿಮಾದ ಬಗ್ಗೆಯೂ ಹಾಗೆಯೇ. ಎಲ್ಲರೂ ಮೆಚ್ಚಿದ ನಾಯಕನನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. "ಸಿನಿಮಾ ಪೂರ್ತಿ ಹೊಟ್ಟೆ ಒಳಗೆ ಎಳೆದುಕೊಂಡೇ ನಿಂತಿರ್ತಾನೆ. ಕೆಟ್ಟವನು ಪಾಪ ಆರಾಮಾಗಿ ಉಸಿರಾಡ್ತಾನೆ. ನಾನು ಅವನ ಕಡೆ." ಕಾಮೆಂಟರಿ ನಗುತ್ತ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಬೇಕಾಯಿತು. ದೊಡ್ಡಕ್ಕ ಊಟದ ಹೊತ್ತಿನಲ್ಲಿ ಹೊಸಬಳಿಗೆ ತನ್ನ ಪಕ್ಕದಲ್ಲೇ ಜಾಗ ಹಿಡಿಯತೊಡಗಿದಳು.

ಹೊಸಬಳು ಸಿಕ್ಕಿಬಿದ್ದದ್ದು ಮಾತಿನ ಸಲುಗೆಯಲ್ಲೇ. ಆವತ್ತು ದೊಡ್ಡಕ್ಕ ಮಗಳು ಅಳಿಯನ ಜಗಳದ ಬಗ್ಗೆ ಗೊಣಗುತ್ತಿದ್ದಳು. ಸಮಾಧಾನ ಹೇಳಲು ಹೋದ ಹೊಸಬಳು, "ಗಂಡ ಹೆಂಡತಿ ಅಂದ್ರೆ ನಮ್ಮ ಎಂಟು ಗಂಟೆಯ ಲಾಯರು, ಆ ಟೀಚರು ಇದ್ದಾರಲ್ಲ, ಹಂಗಿರಬೇಕು ದೊಡ್ಡಕ್ಕ. ಎಷ್ಟು ಕಿತ್ತಾಡಿದ್ರೂ ಒಂದೇ ತಟ್ಟೆಗೆ ಕೈ ಹಾಕ್ತಾರೆ" ಎಂದಳು.

ದೊಡ್ಡಕ್ಕನ ಕೈಯಲ್ಲಿದ್ದ ಶೀಟು ಸಡಿಲಾಯಿತು.

"ಏನಂದೆ?"

"ಅದೇ, ಲಾಯರು ಟೀಚರು."

"ಅವರು ಅಣ್ಣ ತಂಗಿ ಕಣೇ."

ಕಾಮೆಂಟರಿ ಮೊದಲು ನಕ್ಕಳು. ಆಮೇಲೆ ಕೋಣೆಯೇ ನಕ್ಕಿತು. ದೊಡ್ಡಕ್ಕ ನಗಲಿಲ್ಲ.

"ದಿನಾ ಅಣ್ಣಾ ಅಣ್ಣಾ ಅಂತ ಬಡ್ಕೋತಾಳೆ ಅವಳು. ಕಿವಿ ಇದ್ದವರು ಯಾರಾದ್ರೂ ಹೀಗೆ ಹೇಳ್ತಾರಾ? ನೀನು ನೋಡೋದೇ ಇಲ್ಲ. ಇವಳು ಅಂದಿದ್ದು ಅವಳು ಅಂದಿದ್ದು ಸೇರಿಸಿ ನನ್ನ ಕಿವಿಗೆ ಹೂವಿಡ್ತಾ ಇದ್ದೆ."

ಹೊಸಬಳು ಇದ್ದದ್ದನ್ನು ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಒಂದೇ ಕೋಣೆ, ಗೋಡೆಗೆ ಮುಖ ಮಾಡಿದ ಗಂಡ, ದನಿಯಿಲ್ಲದ ಟಿವಿ ಎಲ್ಲವೂ ಈ ಕೈಯಿಂದ ಆ ಕೈಗೆ ದಾಟಿ ಮಧ್ಯಾಹ್ನದೊಳಗೆ ಅಡುಗೆಮನೆಯವರ ಬಾಯಿಗೂ ಬೀಳುತ್ತಿತ್ತು. ಅಯ್ಯೋ ಪಾಪ ಎನ್ನುವವರ ಜೊತೆ ಶೀಟು ಮಡಿಸುವುದು ಅವಳಿಗೆ ಬೇಕಿರಲಿಲ್ಲ. ಮರುದಿನ ಮೇಲ್ವಿಚಾರಕ ಅವಳ ಮುಖ ನೋಡದೆ ಹಿಂದಿನ ಕೋಣೆಯ ಕಡೆ ಕೈ ತೋರಿಸಿದ.

ಮತ್ತೆ ದಿಂಬಿನ ಕವರು, ಮತ್ತೆ ಯಂತ್ರದ ಗದ್ದಲ. ಊಟದ ಹೊತ್ತಿನಲ್ಲಿ ಅವಳು ಬುತ್ತಿಯನ್ನು ಅಲ್ಲೇ ಬಿಚ್ಚುತ್ತಿದ್ದಳು. ಮಡಿಸಿದ ಪುಟ್ಟ ಅಂಗಿಗಳ ಹತ್ತಿರ ಒಮ್ಮೊಮ್ಮೆ ಒಂದೆರಡು ಮಾತಾಡಿ ನೋಡುತ್ತಿದ್ದಳು, ದನಿ ಇದೆಯೋ ಇಲ್ಲವೋ ಎಂದು.

ಆಸ್ಪತ್ರೆಯ ವಾರ್ಷಿಕೋತ್ಸವಕ್ಕೆ ಸಿಬ್ಬಂದಿಯದೇ ಒಂದು ನಾಟಕ ಇತ್ತು. ಲಾಂಡ್ರಿ ವ್ಯಾನಿನ ಡ್ರೈವರು ಅದರಲ್ಲಿ ಸೇನಾಪತಿ. ಎಲ್ಲರೂ ಹೋದರು. ಸೇನಾಪತಿ ಹಸಿರು ನಿಲುವಂಗಿ ಬೀಸುತ್ತ ಬಂದಾಗ ಕಾಮೆಂಟರಿ ಪಕ್ಕದವಳನ್ನು ತಿವಿದಳು. "ಆಪರೇಷನ್ ಥಿಯೇಟರಿನ ಶೀಟು ಕಣೇ ಅದು. ನಾನೇ ಇಸ್ತ್ರಿ ಮಾಡಿದ್ದು. ಹೆಂಗೆ ನಿಂತಿದೆ ನೋಡು, ಅವನ ನಟನೆಗಿಂತ ಗಟ್ಟಿ."

ನಾಟಕ ಮುಗಿದ ಮೇಲೆ ಹೊಸಬಳು ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದಳು. ದೊಡ್ಡಕ್ಕ ಬಂದು ಪಕ್ಕದಲ್ಲಿ ನಿಂತಳು.

"ಹೇಗಿತ್ತೇ?"

"ಗೊತ್ತಾಗಲಿಲ್ಲ, ದೊಡ್ಡಕ್ಕ."

"ನೋಡಿದ್ಯಲ್ಲ, ಕಣ್ಣಾರೆ. ಇವತ್ತು ಸುಳ್ಳು ಹೇಳೋ ಹಾಗೂ ಇಲ್ಲ."

"ಅವರು ಮಾತಾಡ್ತಾನೇ ಇದ್ರು. ಮಾತು ಕೇಳ್ತಾ ಕೂತ್ರೆ ನನಗೆ ನೋಡೋಕೆ ಆಗಲ್ಲ. ಅಭ್ಯಾಸ ತಪ್ಪಿಹೋಗಿದೆ." ಆಮೇಲೆ ಅವಳು ಕೋಣೆಯ ವಿಷಯ, ಗಂಡನ ನಿದ್ದೆಯ ವಿಷಯ ಹೇಳಿದಳು. ಇಷ್ಟು ದಿನ ಮುಚ್ಚಿಟ್ಟದ್ದು ಹೇಳಿ ಮುಗಿಸಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ದೊಡ್ಡಕ್ಕ ಅಯ್ಯೋ ಪಾಪ ಎನ್ನಲಿಲ್ಲ. ಸಿಟ್ಟಿನಲ್ಲೇ ಇದ್ದಳು.

"ನಿನ್ನಿಂದ ನನ್ನ ಧಾರಾವಾಹಿ ಹಾಳಾಯ್ತು, ಗೊತ್ತಾ? ಈಗ ಆ ಅಣ್ಣ ತಂಗಿ ಬಂದ್ರೆ ನನಗೂ ಗಂಡ ಹೆಂಡತಿ ಥರಾನೇ ಕಾಣ್ತಾರೆ. ಅವಳು ಅಣ್ಣಾ ಅಂದ್ರೆ ಇಲ್ಲಿ ಮೈ ಜುಮ್ಮನ್ನುತ್ತೆ."

"ತಪ್ಪಾಯ್ತು, ದೊಡ್ಡಕ್ಕ."

"ತಪ್ಪಲ್ಲ ಅಂತಾನೇ ಸಿಟ್ಟು. ಅವರು ನಿಜಕ್ಕೂ ಹಂಗೇ ನೋಡ್ತಾರೆ ಒಬ್ಬರನ್ನೊಬ್ಬರು." ದೊಡ್ಡಕ್ಕ ಸೆರಗು ಸರಿಮಾಡಿಕೊಂಡಳು. "ನಾಳೆ ಮುಂದಿನ ಕೋಣೆಗೆ ಬಾ. ಯಾರಿಗೆ ಯಾರು ಏನಾಗಬೇಕು ಅಂತ ನಾನು ಹೇಳಿಕೊಡ್ತೀನಿ. ಇನ್ನೊಂದ್ಸಲ ನಾಲ್ಕು ಜನರ ಮುಂದೆ ಮರ್ಯಾದೆ ಕಳೀಬೇಡ, ನಿಂದೂ ನಂದೂ."

ಮರುದಿನ ಶೀಟಿನ ಆ ತುದಿಯಿಂದ ದೊಡ್ಡಕ್ಕ ಪಾಠ ಶುರುಮಾಡಿದಳು. ಕನ್ನಡಕದವನು ಮನೆಯ ಮಾಜಿ ಗುಮಾಸ್ತ. ಬಾಗಿಲಲ್ಲಿ ನಿಲ್ಲುವ ಹುಡುಗಿ ಕಳೆದುಹೋಗಿದ್ದ ಮಗಳು. ಬಿಳಿಕೂದಲಿನವಳು ಸೋದರತ್ತೆ.

"ಅವಳು ಡಾಕ್ಟರಲ್ವಾ?" ಹೊಸಬಳು ಅಂಚು ಹಿಡಿದು ನಿಂತುಬಿಟ್ಟಳು.

"ಯಾವ ಡಾಕ್ಟರೇ?"

"ಎಲ್ಲರ ಮಣಿಕಟ್ಟು ಹಿಡಿದೇ ಮಾತಾಡ್ತಾಳಲ್ಲ. ಆ ಮನೇಲಿ ಯಾರಿಗೋ ಮೈ ಸರಿಯಿಲ್ಲ, ಅದು ಅವಳೊಬ್ಬಳಿಗೇ ಗೊತ್ತು ಅಂದ್ಕೊಂಡಿದ್ದೆ."

"ಅತ್ತೆ ಅಷ್ಟೇ. ಪ್ರೀತಿ ಜಾಸ್ತಿ, ಕೈ ಹಿಡೀತಾಳೆ. ಎಳಿ."

ಅವಳು ಎಳೆದಳು.

ಆ ಸಂಜೆ ಗಂಡ ಗೋಡೆಯ ಕಡೆ ತಿರುಗಿದ ಮೇಲೆ ಟಿವಿ ಹಚ್ಚಿ ಕೂತಳು. ಗುಮಾಸ್ತ ಬಂದ, ಗುಮಾಸ್ತನ ಹಾಗೆ ನಡೆದ. ಮಗಳು ಬಾಗಿಲಲ್ಲಿ ನಿಂತಳು, ಮಗಳ ಹಾಗೆ ಕಂಡಳು. ಅತ್ತೆ ಯಾರದೋ ಮಣಿಕಟ್ಟು ಹಿಡಿದಳು. ಹೊಸಬಳು ಎಂದಿನಂತೆ ಮುಂದಕ್ಕೆ ಬಾಗಿ ಅವಳ ಬೆರಳು ನಾಡಿಯ ಮೇಲೆ ನಿಲ್ಲುವುದನ್ನು ಕಾದಳು. ಅದು ಅತ್ತೆಯ ಕೈ, ಪ್ರೀತಿಯಿಂದ ಹಿಡಿದಿತ್ತು, ಆಮೇಲೆ ಬಿಟ್ಟಿತು. ಆ ಮನೆಯಲ್ಲಿ ಎಲ್ಲರ ಮೈಯೂ ಸರಿಯಾಗಿಯೇ ಇತ್ತು. ಜಾಹೀರಾತು ಬರುವ ಮೊದಲೇ ಅವಳಿಗೆ ಆಕಳಿಕೆ ಬಂತು.

ಬೆಳಿಗ್ಗೆ ದೊಡ್ಡಕ್ಕ ಮೊದಲ ಶೀಟು ಒದರುವಾಗಲೇ ಕೇಳಿದಳು. ಪಕ್ಕದ ಮೇಜಿನಲ್ಲಿ ಕಾಮೆಂಟರಿಯೂ ಕಿವಿ ಕೊಟ್ಟಳು.

"ಹೇಳೇ, ನಿನ್ನೆ ಹೇಗಿತ್ತು?"

ಹೊಸಬಳು ನಡೆದು ಬಂದು ತನ್ನ ಅಂಚನ್ನು ದೊಡ್ಡಕ್ಕನ ಕೈಗೆ ಕೊಟ್ಟಳು.

"ಚೆನ್ನಾಗಿತ್ತು."

ದೊಡ್ಡಕ್ಕ ಇನ್ನೂ ಏನೋ ಬರುತ್ತದೆಂದು ಅಂಚು ಹಿಡಿದೇ ನಿಂತಳು.

"ಅಷ್ಟೇನಾ?"

"ಅಷ್ಟೇ, ದೊಡ್ಡಕ್ಕ."