ಗಟಾರದ ಎರೆಮಣ್ಣು

“ಮಾಲವ್ವಾ, ನಿನ್ನ ಹಿತ್ತಲದಾಗ ಏನರ ಸತ್ತೈತೇನ ನೋಡವಾ. ನಮ್ಮ ಮನ್ಯಾಗ ಕೂತು ಉಣ್ಣಾಕ ಆಗವಲ್ದು!”

ಪಕ್ಕದ ಮನೆಯ ಗೋದುಬಾಯಿ ಗೋಡೆಯಾಚೆಯಿಂದ ಕೂಗಿದಳು.

“ಏನೂ ಸತ್ತಿಲ್ರಿ ವೈನಿ,” ಎಂದಳು ಮಾಲವ್ವ. “ನಮ್ಮನಿಯವರ ಎರಿ ಹೊಲಾ ಅದು.”

“ಹೊಲಾ? ಶೀ! ಬಚ್ಚಲಾನೂ ಇಷ್ಟ ನಾರೂದಿಲ್ಲ ತಗಿ.”

ಅವಳು ಹೇಳಿದ್ದು ಸುಳ್ಳೇನಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ದುಡಿಯಲು ಬಂದವರ ಆ ಚಾಳಿನಲ್ಲಿ ಹನ್ನೆರಡು ಮನೆ. ಪ್ರತಿ ಮನೆಯ ಹಿಂದೆ, ಗೋಡೆಗೂ ಗಟಾರಕ್ಕೂ ನಡುವೆ, ಎರಡು ಮಾರು ಅಗಲದ ಒಂದು ಪಟ್ಟಿ ಜಾಗ. ಉಳಿದವರು ಅಲ್ಲಿ ಬಟ್ಟೆ ಒಗೆಯುವ ಕಲ್ಲು ಹಾಕಿಕೊಂಡರು. ಮಾಲವ್ವನ ಗಂಡ ಗೂಳಪ್ಪ ನವಲಗುಂದದ ಕಡೆಯವನು. ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟುಬಂದರೂ ಒಕ್ಕಲುತನ ಅವನನ್ನು ಬಿಟ್ಟಿರಲಿಲ್ಲ. ಸಂತೆಯ ಕಾಯಿಪಲ್ಲೆ ಎರಡು ದಿನಕ್ಕೆ ಮುಗಿದು ಉಳಿದ ವಾರವಿಡೀ ಬೇಳೆಸಾರು ಉಂಡು ಸಾಕಾಗಿ, ಬದನೆ ಬೆಳೆಯುತ್ತೇನೆಂದು ಹಟ ಹಿಡಿದ.

ಬೆಳೆಯುವುದು ಹೇಗೆ ಹೇಳಿ? ಗುದ್ದಲಿ ಹಾಕಿದರೆ ಕೆಂಪು ಕಲ್ಲು ಠಣ್ ಎನ್ನುತ್ತಿತ್ತು. ನೀರು ಬೆಳಿಗ್ಗೆ ಒಂದು ತಾಸು, ಹನ್ನೆರಡು ಮನೆಗೂ ಒಂದೇ ನಲ್ಲಿ. ವಾರ ವಾರ ಪಾಳಿ ಬದಲಾಗಿ ಗೂಳಪ್ಪನಿಗೆ ಎಚ್ಚರ ಯಾವುದು, ನಿದ್ದೆ ಯಾವುದು ತಿಳಿಯುತ್ತಿರಲಿಲ್ಲ. ದನವೇ ಇಲ್ಲದ ಚಾಳಿನಲ್ಲಿ ಗೊಬ್ಬರದ ಮಾತಂತೂ ಕೇಳಲೇಬೇಡಿ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಅವನು ಗಟಾರದೊಳಗೆ ಇಣುಕಿದ. ತಳದಲ್ಲಿ ಮೊಣಕಾಲುದ್ದ ಕರಿ ರಾಡಿ, ಮೆತ್ತಗೆ ಮಿರಿಮಿರಿ ಮಿಂಚುತ್ತಿತ್ತು.

“ಏ, ಬಾ ಇಲ್ಲೆ! ನಮ್ಮೂರ ಎರಿ ಮಣ್ಣ ನೋಡಿಲ್ಲೆ!”

ಎರೆಸೀಮೆಯವನ ಕಣ್ಣಿಗೆ ಕಪ್ಪಗಿದ್ದದ್ದೆಲ್ಲ ಬಂಗಾರ. ಅದು ಹನ್ನೆರಡು ಮನೆಯ ಬಚ್ಚಲ ನೀರು, ಮುಸುರೆ, ತಂಬಾಕಿನ ಉಗುಳು, ತಲೆಗೂದಲಿನ ಉಂಡೆ, ಮಕ್ಕಳು ಕೂತೆದ್ದದ್ದು, ಎಲ್ಲ ಕೊಳೆತು ಆದ ಕಪ್ಪು ಎಂದು ಮಾಲವ್ವ ಬಡಕೊಂಡಳು. ಕೇಳಿದರೆ ತಾನೆ? ಎರಡು ದಿನದಲ್ಲಿ ನಲವತ್ತು ಬುಟ್ಟಿ ಎತ್ತಿ ಹರವಿದ, ಸಸಿ ನೆಟ್ಟ, ಪಾಳಿಗೆ ಹೋದ.

ಗಿಡಕ್ಕೆ ನೀರು ಹಾಕಲು ದಿನಾ ಅದರೊಳಗೆ ಇಳಿಯಬೇಕಾದವಳು ಮಾಲವ್ವ. ಕಾಲಿಟ್ಟರೆ ಬೆರಳಸಂದಿಯಿಂದ ಕರಿ ನೀರು ಪಿಚಕ್ಕನೆ ಏಳುತ್ತಿತ್ತು. ಬಾಲದ ಹುಳಗಳು ಹಿಮ್ಮಡಿಗೆ ಅಂಟಿಕೊಂಡು ಒಳಗೆ ಬರುತ್ತಿದ್ದವು. ಸೀಗೆಪುಡಿ ಹಾಕಿ ತಿಕ್ಕಿ ತೊಳೆದರೂ ರೊಟ್ಟಿ ಬಡಿಯುವಾಗ ಅಂಗೈಯಿಂದ ಅದೇ ನಾತ. ಗಿಡಗಳು ಮಾತ್ರ ನಾಚಿಕೆಯಿಲ್ಲದೆ ಬೆಳೆದವು. ಕಾಯಿ ಒಂದೊಂದೂ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು.

ಗೋದುಬಾಯಿ ಕೂಗಿ ಹೋದ ದಿನ ಸಂಜೆ ಗೂಳಪ್ಪ ಉಬ್ಬಿಕೊಂಡು ಬಂದ.

“ಹಳಿಯಾಳದ ಬಸಲಿಂಗಯ್ಯನವರು ಉಳವಿ ಯಾತ್ರಿಗೆ ಹೊಂಟಾರ. ನಾಳಿ ಮಧ್ಯಾಹ್ನ ನಮ್ಮನಿಗೆ ಪ್ರಸಾದಕ್ಕ ಬರ್ತಾರ. ಮೊದಲ ಬೆಳಿ ಅಯ್ಯಾರಿಗೆ. ಎಣ್ಣಿಗಾಯಿ ಮಾಡು.”

ಮೊದಲ ಬೆಳೆಯನ್ನು ಜಂಗಮರಿಗೆ ನೀಡಿದ ಮೇಲೆಯೇ ಮನೆಯವರು ಬಾಯಿಗಿಡುವುದು ಗೂಳಪ್ಪನ ಮನೆತನದ ಪದ್ಧತಿ. ಅಯ್ಯನವರಾದರೋ ಕೊರಳ ಲಿಂಗಕ್ಕೆ ತೋರಿಸದೆ ತುತ್ತು ಎತ್ತದವರು. ಆ ರಾಡಿಯ ಕಾಯಿ ಲಿಂಗದ ಮುಂದೆ!

“ಮತ್ತ… ನನಗೊಂದೀಟು ಕಡ್ಲಿಹಿಟ್ಟಿನ ಜುಣಕ ಮಾಡಿಡು,” ಎಂದ ಗೂಳಪ್ಪ, ಆಚೆ ನೋಡುತ್ತ.

“ಯಾಕ್ರಿ? ಎಣ್ಣಿಗಾಯಿ?”

“ಯಾಕೋ ನನಗ ಒಗ್ಗೂದಿಲ್ಲದು.”

ಒಮ್ಮೆ ಕೂತರೆ ಹತ್ತು ಎಣ್ಣಿಗಾಯಿ ಮುಗಿಸುವ ಮನುಷ್ಯ! ಮಾಲವ್ವನಿಗೆ ರಾಡಿಗಿಂತ ಆ ಮಾತೇ ಹೆಚ್ಚು ನಾರಿತು.

ಮರುದಿನ ಅಯ್ಯನವರು ಬಂದರು. ಪಾದ ತೊಳೆದದ್ದಾಯಿತು. ತಾಟಿಗೆ ರೊಟ್ಟಿ, ಮೊಸರು, ಜುಣಕ ಬಿತ್ತು.

“ಎಣ್ಣಿಗಾಯಿ ನೀಡ! ನಾನ ಬೆಳದದ್ದರಿ ಅಯ್ಯಾರ,” ಎಂದ ಗೂಳಪ್ಪ.

ಮಾಲವ್ವ ಗಡಿಗೆ ಹಿಡಿದು ಬಂದು ನಿಂತಳು. ಶೇಂಗಾ, ಗುರೆಳ್ಳಿನ ಘಮಘಮ. ಸೌಟು ಮಾತ್ರ ಏಳಲಿಲ್ಲ.

“ಅಯ್ಯಾರ, ತಪ್ಪ ತಿಳಿಬ್ಯಾಡ್ರಿ. ಇವು ಗಟಾರದ ರಾಡ್ಯಾಗ ಬೆಳದ ಕಾಯಿ. ಇವರು ತಾವು ತಿನ್ನೂದಿಲ್ಲಂತ ಬ್ಯಾರೆ ಜುಣಕ ಮಾಡಿಸ್ಯಾರ. ನಿಮಗ ನೀಡಾಕ ನನ್ನ ಕೈ ಬರವಲ್ದು.”

ಅಯ್ಯನವರು ಕೈ ಹಿಂದೆ ತೆಗೆದರು. “ಹೌದೇನೋ ಗೂಳಪ್ಪ?”

“ರಾಡಿ ಬೇರಿಗರಿ… ಕಾಯಿ ಚಲೋನ ಇರ್ತಾವ್ರಿ.”

“ಹಂಗಾದ್ರ ನೀ ಯಾಕ ತಿನ್ನವಲ್ಲಿ?”

ಗೂಳಪ್ಪ ಇನ್ನೊಂದು ರೊಟ್ಟಿಯನ್ನು ಅಯ್ಯನವರ ತಾಟಿನ ಕಡೆ ಸರಿಸಿದ.

“ಆ ಗಡಿಗಿ ಅತ್ತಾಗ ಇಡ ತಂಗಿ,” ಎಂದರು ಅಯ್ಯನವರು. “ಜುಣಕ ಇನ್ನೊಂದಿಷ್ಟ ತಾ.”

ಗೂಳಪ್ಪನಿಗೆಂದು ಮಾಡಿಟ್ಟ ಜುಣಕವೆಲ್ಲ ಅಯ್ಯನವರ ತಾಟಿಗೇ ಹೋಯಿತು. ಅವರು ಉಳವಿಯ ಬಸ್ಸಿಗೆ ಹೊರಟ ಮೇಲೆ ಗೂಳಪ್ಪ ಒಣ ರೊಟ್ಟಿಗೆ ಖಾರ ಹಚ್ಚಿಕೊಂಡು ಕೂತ. ಎಣ್ಣಿಗಾಯಿಯ ಗಡಿಗೆ ಮೊಳ ದೂರದಲ್ಲಿಯೇ ಇತ್ತು.

“ಅಯ್ಯಾರ ಮುಂದ ನನ್ನ ಮಾನ ತಗದಿ.”

“ನಾ ತಗದಿಲ್ರಿ. ನೀವ ನಲವತ್ತ ಬುಟ್ಟಿ ಹೊತ್ತ ತಂದ ಹಾಕೀರಿ. ನಾಳಿ ಹೊತ್ತ ಏಳೂದ್ರಾಗ ಎಲ್ಲಾ ಗಿಡಾ ಕಿತ್ತ ಒಗಿತೇನಿ.”

ಗೋಡೆಯಾಚೆ ಬಳೆ ಸದ್ದಾಯಿತು. ಗೋದುಬಾಯಿ ಎಲ್ಲ ಕೇಳಿಸಿಕೊಂಡಿದ್ದಳು.

“ಕಿತ್ತ ಒಗಿಯೂದಾದ್ರ ಒಂದ ಹತ್ತ ಕಾಯಿ ನನಗ ಕೊಡ ಮಾಲವ್ವ. ಸಂತಿ ಇನ್ನ ನಾಕ ದಿನ ಐತಿ.”

“ನೀವು ತಿಂತೀರೇನ್ರಿ ವೈನಿ ಇದನ್ನ?”

“ನಾವ್ಯಾಕ ತಿನ್ನೂಣವಾ, ಥೂ! ನಾಳಿ ಬೆಳಗಾವ್ಯಾಗಿಂದ ಬೀಗರ ಬರ್ತಾರ.”

ಮಾಲವ್ವ ಬಾಯಿ ತೆರೆಯುವುದರೊಳಗೆ ಗೋದುಬಾಯಿ ಬುಟ್ಟಿ ಹಿಡಿದು ಹಿತ್ತಲಿಗೆ ಬಂದೇಬಿಟ್ಟಿದ್ದಳು. ಒಂದು ಕೈಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಕಾಯಿಗಳನ್ನು ಒಂದೊಂದಾಗಿ ಹಿಸುಕಿ ನೋಡಿ, ಎಳೆಯವನ್ನೇ ಆರಿಸಿ ಹರಿದುಕೊಂಡಳು.